ಹಾಲ್‌ಗೆ ಹಳೇ ಕೆತ್ತನೆ ಕುರ್ಚಿ: ಯಾವುದು ಯಾರ ಮನೆಗೆ?

ಮೈಸೂರಿನ ಕುವೆಂಪುನಗರದ ನಮ್ಮ ಚಿಕ್ಕಮ್ಮ ಯುಗಾದಿ ಹೊತ್ತಿಗೆ ಮನೆ ರಿಪೇರಿ ಮುಗಿಸಿದರು. ಬಣ್ಣ ಒಣಗುವ ಮೊದಲೇ ನನಗೆ ಫೋನ್ ಬಂತು. "ಹಾಲ್‌ಗೆ ಹಳೇ ಕಾಲದ ಕೆತ್ತನೆ ಕುರ್ಚಿ ಎರಡು ಬೇಕು ಕಣೋ. ನೀನೇ ಬಂದು ಆರಿಸಿಕೊಡು" ಅಂದರು. ಮೂರು ಭಾನುವಾರ ಇಬ್ಬರೂ ಸುತ್ತಿದೆವು. ಹಳೇ ಸಾಮಾನಿನ ಅಂಗಡಿಗಳಿಗೆ ಹೋದೆವು. ಮಾರಾಟಕ್ಕಿದ್ದ ಒಂದು ಹಳೇ ಬಂಗಲೆ ನೋಡಿದೆವು. ಶ್ರೀರಂಗಪಟ್ಟಣದ ಕಡೆ ಇರುವ ಒಬ್ಬ ಆಚಾರ್ರ ಶೆಡ್ಡಿನಲ್ಲಿ ಅರ್ಧ ದಿನ ಕೂತೆವು. ಕೊನೆಗೆ ನಾಲ್ಕು ಬಗೆಯ ಕುರ್ಚಿಗಳು ಲೆಕ್ಕಕ್ಕೆ ಉಳಿದವು. ಅವುಗಳಲ್ಲಿ ಒಂದನ್ನು ಆರಿಸಲು ನಮಗೆ ನೆರವಾದ ವಿಷಯಗಳನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಕುರ್ಚಿ ನೋಡುವ ಮೊದಲು "ಹಾಲ್" ಅನ್ನುವ ಪದವನ್ನೇ ಸ್ವಲ್ಪ ನೋಡಬೇಕು. ನಮಗೆ ಹಾಲ್ ಅಂದರೆ ಮನೆಯವರೆಲ್ಲ ಕೂರುವ ಜಾಗ. ಟಿವಿ ಅಲ್ಲೇ, ಕಾಫಿ ಅಲ್ಲೇ, ನೆಂಟರೂ ಅಲ್ಲೇ. ಆದರೆ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಹಾಲ್ ಅಂದರೆ ಮುಂಬಾಗಿಲು ದಾಟಿದ ಕೂಡಲೇ ಸಿಗುವ ಜಾಗ. ನಮ್ಮ ಲೆಕ್ಕದಲ್ಲಿ ಅದು ಜಗಲಿಗೂ ಪಡಸಾಲೆಗೂ ನಡುವಿನದು. 18 ಮತ್ತು 19ನೇ ಶತಮಾನದಲ್ಲಿ ಅಲ್ಲಿ ಇಡುವುದಕ್ಕೆಂದೇ ಮಾಡಿದ ಕುರ್ಚಿಗೆ "ಹಾಲ್ ಚೇರ್" ಎಂಬ ಹೆಸರು ಬಂತು. ಓಲೆ ತಂದ ಆಳು, ಯಜಮಾನರನ್ನು ಕಾಣಲು ಕಾದಿರುವವನು, ಮಳೆಯಲ್ಲಿ ನೆನೆದು ಬಂದ ಕೆಲಸದವನು, ಇಂಥವರು ಕೂರುವ ಕುರ್ಚಿ ಅದು. ಒದ್ದೆ ಕೋಟು, ಧೂಳಿನ ಬಟ್ಟೆ ತಾಗಿದರೆ ಮೆತ್ತೆ ಹಾಳಾಗುತ್ತದೆ. ಅದಕ್ಕೇ ಅದಕ್ಕೆ ಮೆತ್ತೆಯೂ ಇಲ್ಲ, ಬೆತ್ತವೂ ಇಲ್ಲ, ಬರೀ ಹಲಗೆ. ಕೈಗಳೂ ಸಾಮಾನ್ಯವಾಗಿ ಇರುವುದಿಲ್ಲ. ಬೆನ್ನಿನ ಮೇಲೆ ಮಾತ್ರ ಮನೆತನದ ಲಾಂಛನವನ್ನು ಕೆತ್ತಿಯೋ ಬಣ್ಣದಲ್ಲಿ ಬರೆದೋ ಇರುತ್ತಾರೆ. ಒಳಗೆ ಬಂದವರಿಗೆ ಇದು ಯಾರ ಮನೆ ಅಂತ ಮೊದಲ ನೋಟಕ್ಕೇ ತಿಳಿಯಬೇಕು.

ಅಂದರೆ ಆ ಕುರ್ಚಿ ನೋಡುವುದಕ್ಕೆ, ಮತ್ತೆ ಹತ್ತು ನಿಮಿಷ ಕಾಯುವುದಕ್ಕೆ. ಇದು ಗೊತ್ತಿಲ್ಲದೆ ಹೆಸರು ನೋಡಿ ತಂದು ನಮ್ಮ ಹಾಲ್‌ನಲ್ಲಿ ಇಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ. ಹಾಗಾಗಿ ಎಷ್ಟು ಹಳೆಯದು, ಯಾವ ಮರ ಅಂತ ಕೇಳುವ ಮೊದಲು ಈ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಅಂತ ಕೇಳಿಕೊಳ್ಳಿ. ನಮ್ಮ ಚಿಕ್ಕಪ್ಪನಿಗೆ ಮಂಡಿ ನೋವು. ಆ ಮಂಡಿಯೇ ಕೊನೆಗೆ ನಮ್ಮ ಆಯ್ಕೆಯನ್ನು ತೀರ್ಮಾನ ಮಾಡಿತು.

ಇಂಗ್ಲಿಷ್ ಹಾಲ್ ಚೇರ್

ಮೈಸೂರಿನಲ್ಲಿ ಇದು ಅಪರೂಪ. ಹಳೇ ಬಂಗಲೆಗಳಿಂದ, ಊಟಿ ಕಡೆಯ ಮನೆಗಳಿಂದ ಒಂದೊಂದು ಬರುತ್ತದೆ. ಮರ ಹೆಚ್ಚಾಗಿ ಮಹಾಗನಿ, ಇಲ್ಲವೇ ಓಕ್. ಹಲಗೆಯ ನಡುವೆ ತಟ್ಟೆಯ ಹಾಗೆ ದುಂಡಗೆ ಸ್ವಲ್ಪ ತಗ್ಗು ಮಾಡಿರುವುದುಂಟು. ಈ ಮಾದರಿಯ ಬೇರು ಇಟಲಿಯಲ್ಲಿದೆ. ಅಲ್ಲಿ ಸ್ಗಾಬೆಲ್ಲೋ ಅನ್ನುವ ಹಲಗೆ ಕುರ್ಚಿಯಿತ್ತು. ಅದನ್ನು ನೋಡಿ ಬಂದ ಇಂಗ್ಲಿಷರು ತಮ್ಮ ರುಚಿಗೆ ತಕ್ಕಂತೆ ಮಾಡಿಸಿಕೊಂಡರು.

ಮಾಡಿದವರ ವಿಷಯಕ್ಕೆ ಬಂದರೆ ಅಂಗಡಿಯಲ್ಲಿ ನಿಮಗೆ ಎರಡು ಹೆಸರು ಕೇಳಿಸುತ್ತವೆ. ಒಂದು ಚಿಪ್ಪೆಂಡೇಲ್. ಥಾಮಸ್ ಚಿಪ್ಪೆಂಡೇಲ್ 1718ರಲ್ಲಿ ಹುಟ್ಟಿ 1779ರಲ್ಲಿ ತೀರಿಕೊಂಡ ಲಂಡನ್ನಿನ ಕುರ್ಚಿ ಮಾಡುವವನು. 1754ರಲ್ಲಿ ತನ್ನ ವಿನ್ಯಾಸಗಳನ್ನು ಅಚ್ಚು ಹಾಕಿಸಿದ. ಆಮೇಲೆ ಕಂಡ ಕಂಡ ಬಡಗಿಗಳೆಲ್ಲ ಅವನ್ನು ನೋಡಿ ಮಾಡತೊಡಗಿದರು. ಅವನು ತನ್ನ ಕೆಲಸದ ಮೇಲೆ ಮುದ್ರೆ ಹಾಕುತ್ತಿರಲಿಲ್ಲ. ಹಳೇ ಬಿಲ್ಲುಗಳು ಸಿಕ್ಕ ಕಡೆ ಮಾತ್ರ ಇದು ಅವನದೇ ಅಂತ ಗಟ್ಟಿಯಾಗಿ ಹೇಳಲು ಆಗುತ್ತದೆ. ಆದ್ದರಿಂದ ನಮ್ಮೂರಿನ ಅಂಗಡಿಯಲ್ಲಿ "ಇದು ಚಿಪ್ಪೆಂಡೇಲ್ ಸಾರ್" ಅಂದರೆ ಅದು ಶೈಲಿಯ ಹೆಸರು ಅಷ್ಟೇ. ಅದಕ್ಕಾಗಿ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಇನ್ನೊಂದು ಗಿಲ್ಲೋಸ್. ಲ್ಯಾಂಕಾಸ್ಟರ್ ಊರಿನ ಈ ಮನೆತನದವರು 18ನೇ ಶತಮಾನದ ಕೊನೆಯ ಹೊತ್ತಿಗೆ ತಮ್ಮ ಸಾಮಾನಿನ ಮೇಲೆ ಹೆಸರನ್ನು ಒತ್ತಲು ಶುರು ಮಾಡಿದರು. ಮಾಡಿದ ಸಾಮಾನಿನ ಚಿತ್ರ ಮತ್ತು ಖರ್ಚು ಬರೆದಿಟ್ಟ ಅವರ ಪುಸ್ತಕಗಳು ಇವತ್ತಿಗೂ ಲಂಡನ್ನಿನಲ್ಲಿ ಉಳಿದಿವೆ. ಒಂದು ಕುರ್ಚಿಯ ಜಾತಕ ತೆಗೆಯಬೇಕು ಅಂದರೆ ಇದಕ್ಕಿಂತ ಒಳ್ಳೆ ಆಧಾರ ಇಲ್ಲ. ಮುದ್ರೆ ಇದೆಯಾ ಅಂತ ಕುರ್ಚಿ ಮಗುಚಿ, ಟಾರ್ಚ್ ಅಡ್ಡ ಹಿಡಿದು, ಚೌಕಟ್ಟಿನ ಅಂಚುಗಳನ್ನೆಲ್ಲ ನೋಡಿ. ನೇರ ಬೆಳಕಿನಲ್ಲಿ ಮುದ್ರೆ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಕಾಣುತ್ತದೆ.

ಯಾರ ಮನೆಗೆ ಒಪ್ಪುತ್ತದೆ? ಬಾಗಿಲ ಬಳಿ ಸ್ವಲ್ಪ ಜಾಗ ಇರುವವರಿಗೆ. ಶೂ ಹಾಕಿಕೊಳ್ಳಲು, ಆಟೋ ಬರುವ ತನಕ ಬ್ಯಾಗ್ ಇಟ್ಟುಕೊಂಡು ಕೂರಲು ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನಿಜ ಹೇಳಬೇಕೆಂದರೆ ಅದನ್ನು ಮಾಡಿದ್ದೇ ಇಂಥ ಕೆಲಸಕ್ಕೆ, ಅಲ್ವಾ? ಒರೆಸಿದರೆ ಕ್ಲೀನ್, ಬೆತ್ತ ಹರಿಯುವ ಭಯ ಇಲ್ಲ. ಆದರೆ ಕೈ ಊರಿ ಏಳಬೇಕಾದ ಹಿರಿಯರಿಗೆ ಇದು ಬೇಡ.

ಮುಂಬಯಿ, ಮದರಾಸಿನ ಕಡುಗಪ್ಪು ಕುರ್ಚಿ

ಬೆನ್ನು ತುಂಬ ಬಳ್ಳಿ, ಎಲೆ, ದ್ರಾಕ್ಷಿ ಗೊಂಚಲು, ಹಕ್ಕಿ, ಕೆಲವೊಮ್ಮೆ ಹಾವೂ ಇರುತ್ತದೆ. ಕೆತ್ತನೆಯ ನಡುವೆ ಜರಡಿಯ ಹಾಗೆ ತೂತು. 19ನೇ ಶತಮಾನದಲ್ಲಿ ಮುಂಬಯಿಯಲ್ಲಿ ಬೀಟೆಯಂಥ ಕಪ್ಪು ಮರದಲ್ಲಿ ಇವನ್ನು ರಾಶಿ ರಾಶಿ ಮಾಡಿದರು. ಇಂಗ್ಲಿಷ್ ಆಕಾರ, ಮೇಲೆ ನಮ್ಮ ಕೆಲಸಗಾರರ ಉಳಿ. ಮದರಾಸಿನಲ್ಲಿ ಡೆಶಾಂಪ್ಸ್ ಎಂಬವರ ಕಾರ್ಖಾನೆ ಇದೇ ಕಾಲದಲ್ಲಿ ಕೆತ್ತನೆ ಸಾಮಾನಿಗೆ ಹೆಸರಾಗಿತ್ತು.

ಇವು ನೋಡಲು ಬಲು ಜೋರು. ಚಿಕ್ಕಮ್ಮ ಮೊದಲ ಭಾನುವಾರವೇ ಒಂದಕ್ಕೆ ಮನಸ್ಸು ಕೊಟ್ಟುಬಿಟ್ಟಿದ್ದರು. ನಾನು ಅವರನ್ನೇ ಅದರಲ್ಲಿ ಕೂರಿಸಿದೆ. ಐದು ನಿಮಿಷಕ್ಕೆ "ಬೆನ್ನಿಗೆ ಎಲೆ ಚುಚ್ತಿದೆ" ಅಂದರು. ಇನ್ನೂ ಒಂದು ಕಷ್ಟವಿದೆ. ಆಳವಾದ ಕೆತ್ತನೆಯಲ್ಲಿ ಧೂಳು ಕೂರುತ್ತದೆ, ಮೈಸೂರಿನ ಬೇಸಿಗೆ ಗಾಳಿಗಂತೂ ಎರಡೇ ದಿನ ಸಾಕು. ಒದ್ದೆ ಬಟ್ಟೆ ಒಳಗೆ ಹೋಗುವುದಿಲ್ಲ. ಮೆತ್ತನೆ ಕೂದಲಿನ ಪೇಂಟ್ ಬ್ರಷ್ ಹಿಡಿದು ವಾರಕ್ಕೊಮ್ಮೆ ಕೂರಬೇಕು. ಅದಕ್ಕೆ ಮನಸ್ಸಿರುವವರು, ದೊಡ್ಡ ಗೋಡೆ ಇರುವವರು ತರಲಿ. ಸಣ್ಣ ಹಾಲ್‌ಗೆ ತಂದರೆ ಇಡೀ ಕೋಣೆಯನ್ನೇ ಅದು ನುಂಗಿಬಿಡುತ್ತದೆ.

ನಮ್ಮ ಕಡೆಯ ಹಳೇ ಕುರ್ಚಿ

ನನ್ನ ಮನಸ್ಸು ಇರುವುದು ಇಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಹಳೇ ಮನೆಗಳಲ್ಲಿ ವಕೀಲರು, ಶಾನುಭೋಗರು, ಅರಮನೆ ನೌಕರರು ಮಾಡಿಸಿಟ್ಟ ಕುರ್ಚಿಗಳಿವೆ. ತೇಗ ಇಲ್ಲವೇ ಬೀಟೆ. ಕೂರುವ ಜಾಗಕ್ಕೆ ಬೆತ್ತದ ಹೆಣಿಗೆ. ಕೆತ್ತನೆ ಬೆನ್ನಿನ ಮೇಲ್ಪಟ್ಟಿಯಲ್ಲಿ ಮತ್ತು ಕೈಗಳ ತುದಿಯಲ್ಲಿ ಮಾತ್ರ. ಒಂದು ತಾವರೆ, ಒಂದು ಬಳ್ಳಿ, ಕೆಲವಕ್ಕೆ ಗಂಡಭೇರುಂಡ. ಬೆನ್ನು ತಾಗುವ ಕಡೆ ಮರ ನುಣ್ಣಗಿರುತ್ತದೆ. ಮಾಡಿದವನು ಕೂರುವವನನ್ನು ನೆನೆದು ಮಾಡಿದ್ದಾನೆ ಅಂತ ಮುಟ್ಟಿದರೇ ಗೊತ್ತಾಗುತ್ತದೆ.

ಇವನ್ನು ಮಾಡಿದವರ ಹೆಸರು ಮರದ ಮೇಲೆ ಇರುವುದಿಲ್ಲ. ಆದರೆ ಆ ಕೈಗಳು ಎಲ್ಲಿ ಪಳಗಿದವು ಅನ್ನುವುದಕ್ಕೆ ಗುರುತುಗಳಿವೆ. 1897ರಲ್ಲಿ ಮೈಸೂರಿನ ಹಳೇ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಈಗಿನ ಅರಮನೆ 1912ಕ್ಕೆ ಮುಗಿಯಿತು. ಆ ನಡುವಿನ ವರ್ಷಗಳಲ್ಲಿ ಬಾಗಿಲು, ಚಾವಣಿ, ಪೀಠೋಪಕರಣ ಅಂತ ಕೆತ್ತನೆ ಕೆಲಸ ಊರಲ್ಲಿ ತುಂಬಿತ್ತು. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಬಡಗಿ ಕೆಲಸ, ಕೆತ್ತನೆ, ಇನ್‌ಲೇ (ಮರವನ್ನು ತೋಡಿ ಬೇರೆ ಬಣ್ಣದ ತುಂಡು ಕೂರಿಸಿ ಚಿತ್ರ ಮಾಡುವ ಕೆಲಸ) ಕಲಿಸುತ್ತಿದ್ದರು. ಮನೆತನದ ಆಚಾರ್ರುಗಳು, ಸಾಗರ ಸೊರಬ ಕಡೆಯ, ಗಂಧದ ಮರ ಕೆತ್ತುವ ಗುಡಿಗಾರರು, ಇನ್‌ಲೇ ಮಾಡುವ ಮುಸ್ಲಿಂ ಕುಶಲಿಗರು, ಇವರೆಲ್ಲರ ಕೈ ಈ ಭಾಗದ ಮರದ ಕೆಲಸದಲ್ಲಿ ಬೆರೆತಿದೆ.

ಅದೇ 1897ರ ಬೆಂಕಿ ಇನ್ನೊಂದು ವಿಷಯಕ್ಕೂ ನೆನಪಿರಲಿ. "ಇದು 1850ರ ಅರಮನೆ ಕುರ್ಚಿ" ಅಂತ ಯಾರಾದರೂ ಅಂದರೆ ಬೆಂಕಿಯಿಂದ ಅದು ಹೇಗೆ ಉಳಿಯಿತು ಅಂತ ಕೇಳಿ. ಉತ್ತರ ಕಾಗದದ ಮೇಲೆ ಇರಬೇಕು. ಗಂಡಭೇರುಂಡ ಇದ್ದ ಮಾತ್ರಕ್ಕೆ ಅರಮನೆಯದಾಗುವುದಿಲ್ಲ. ಮಾರುವುದಕ್ಕೋಸ್ಕರ ಆಮೇಲೆ ಕೆತ್ತಿದ್ದೂ ಇರಬಹುದು. ಅದನ್ನು ಕಂಡುಹಿಡಿಯುವ ಬಗೆ ಮುಂದೆ ಹೇಳುತ್ತೇನೆ.

ಬೀಟೆಯೋ ತೇಗವೋ ಅನ್ನುವ ಪ್ರಶ್ನೆ ಬರುತ್ತದೆ. ಬೀಟೆ ಕಡುಗಂದು, ನೇರಳೆ ಛಾಯೆ, ನಡುವೆ ಕಪ್ಪು ಗೆರೆ. ಒಂದು ಘನ ಮೀಟರ್ ಬೀಟೆ ಸುಮಾರು 830 ಕಿಲೋ ತೂಗಿದರೆ ತೇಗ ಸುಮಾರು 650 ಕಿಲೋ. ಒಂದೇ ಅಳತೆಯ ಎರಡು ಕುರ್ಚಿ ಎತ್ತಿ ನೋಡಿದರೆ ಕೈಗೇ ತಿಳಿಯುತ್ತದೆ. ಕೆತ್ತನೆಯ ಸಣ್ಣ ಗೆರೆ ಬೀಟೆಯಲ್ಲಿ ಚೂಪಾಗಿ ನಿಲ್ಲುತ್ತದೆ. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಗೆದ್ದಲು ಬೇಗ ಮುಟ್ಟುವುದಿಲ್ಲ, ಎತ್ತಿ ಆಚೀಚೆ ಇಡಲೂ ಹಗುರ. ದಿನಾ ಕಸ ಗುಡಿಸುವಾಗ ಸರಿಸಬೇಕಾದ ಕುರ್ಚಿಯಾದರೆ ನನ್ನ ಓಟು ತೇಗಕ್ಕೆ.

ಹೊಸದಾಗಿ ಮಾಡಿಸುವುದು

ಇದೂ ಒಳ್ಳೇ ದಾರಿಯೇ. ಹಳೆಯದೇ ಬೇಕು ಅನ್ನುವ ಹಟ ಇಲ್ಲದಿದ್ದರೆ ಒಬ್ಬ ಒಳ್ಳೆ ಆಚಾರ್ರನ್ನು ಹುಡುಕಿ. ನಿಮ್ಮ ಮೊಣಕಾಲಿನ ಅಳತೆಗೆ ಸರಿಯಾಗಿ ಕುರ್ಚಿ ಬರುತ್ತದೆ. ಹಳೇ ಮನೆ ಕೆಡವಿದಾಗ ಸಿಕ್ಕ ತೊಲೆ, ಬಾಗಿಲುವಾಡದ ತೇಗದಲ್ಲಿ ಮಾಡಿಸಿದರೆ ಮರ ಒಣಗಿ ಪಳಗಿರುತ್ತದೆ, ಸೊಟ್ಟಗಾಗುವುದು ಕಡಿಮೆ. ಹೊಸ ಬೀಟೆಯಲ್ಲಿ ಮಾಡಿಸುವುದಾದರೆ ಬಿಲ್ಲು ಕೇಳಿ ಪಡೆಯಿರಿ. ಬೀಟೆ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕದ್ದ ಮರ ಮನೆಗೆ ಬರಬಾರದು.

ಮೈಸೂರಿನ ಬೀಟೆ ಇನ್‌ಲೇ ಕೆಲಸಕ್ಕೆ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಬೆನ್ನಿನ ಮೇಲೆ ಆನೆ, ಹೂವು, ದಸರಾ ಮೆರವಣಿಗೆ ಕೂರಿಸಿದ ಕುರ್ಚಿ ಹೊಸದಾದರೂ ಮಕ್ಕಳ ಕಾಲಕ್ಕೆ ಹಳೆಯದೇ ಆಗುತ್ತದೆ. ಹೊಸದನ್ನು ಹೊಸದು ಅಂತ ಹೇಳಿ ಮಾರುವವರ ಬಳಿ ಸಂತೋಷವಾಗಿ ಕೊಳ್ಳಿ. ಹೊಸದಕ್ಕೆ ಟೀ ಡಿಕಾಕ್ಷನ್ ಬಳಿದು, ಸರಪಳಿಯಲ್ಲಿ ಹೊಡೆದು ನೂರು ವರ್ಷದ್ದು ಅನ್ನುವವರ ಅಂಗಡಿಯಿಂದ ಎದ್ದು ಬನ್ನಿ.

ಹಳೆಯದೋ, ಹಳೆಯದರ ಹಾಗೆ ಮಾಡಿದ್ದೋ

ಕುರ್ಚಿಯ ಮುಂಭಾಗ ನೋಡಿ ಮರುಳಾಗಬೇಡಿ. ತಲೆಕೆಳಗು ಮಾಡಿ. ನಿಜ ಇರುವುದು ಅಡಿಯಲ್ಲಿ.

ಕೆತ್ತನೆಯ ಮೇಲೆ ಅಂಗೈ ಆಡಿಸಿ. ಕುರ್ಚಿ ಮಾಡುವಾಗಲೇ ಕೆತ್ತುವ ಯೋಚನೆ ಇದ್ದರೆ ಆಚಾರಿ ಅಲ್ಲಿ ಮರವನ್ನು ದಪ್ಪಗೆ ಬಿಟ್ಟಿರುತ್ತಾನೆ. ಹೂವು ಸುತ್ತಲಿನ ಮರಕ್ಕಿಂತ ಮೇಲೆ ಎದ್ದು ನಿಲ್ಲುತ್ತದೆ. ಸಾದಾ ಕುರ್ಚಿಗೆ ಆಮೇಲೆ ಕೆತ್ತಿದ್ದರೆ ಇರುವ ಮರವನ್ನೇ ತೋಡಬೇಕು. ಆಗ ಕೆತ್ತನೆ ಚಪ್ಪಟೆಯಾಗಿ, ಮೇಲ್ಮೈಯಿಂದ ಒಳಗೆ ಇಳಿದಿರುತ್ತದೆ, ಆ ಜಾಗದಲ್ಲಿ ಮರ ತೆಳ್ಳಗಾಗಿರುತ್ತದೆ. ಗಂಡಭೇರುಂಡದ ಪ್ರಶ್ನೆಗೆ ಉತ್ತರ ಇದೇ.

ಹುಳದ ತೂತು ನೋಡಿ. ಕುಟ್ಟೆ ಹುಳ ಮರದ ಒಳಗೆ ಕೊರೆದು ಹೊರಗೆ ಬರುವಾಗ ದುಂಡನೆ ತೂತು ಮಾಡುತ್ತದೆ. ಹಾಗಾಗಿ ಮೇಲ್ಮೈಯಲ್ಲಿ ಚುಕ್ಕಿ ಚುಕ್ಕಿ ತೂತು ಸಹಜ. ಆದರೆ ಉದ್ದುದ್ದ ಕಾಲುವೆಯ ಹಾಗೆ ಸುರಂಗ ತೆರೆದುಕೊಂಡಿದ್ದರೆ ಹುಳ ತಿಂದ ಮೇಲೆ ಆ ಮರವನ್ನು ಕುಯ್ದಿದ್ದಾರೆ ಅಂತ ಅರ್ಥ. ಅಂದರೆ ಹಳೇ ಮರ, ಹೊಸ ಕುರ್ಚಿ. ಇನ್ನು ಹುಳ ಈಗಲೂ ಇದೆಯಾ ಅಂತ ತಿಳಿಯಲು ಕುರ್ಚಿಯ ಅಡಿ ಒಂದು ಕಪ್ಪು ಕಾಗದ ಹಾಸಿ ಎರಡು ದಿನ ಬಿಡಿ. ಹೊಸ ಪುಡಿ ಬಿದ್ದರೆ ಹುಳ ಜೀವಂತವಾಗಿದೆ. ಅಂಥದ್ದು ಮನೆಯ ಬೇರೆ ಮರಕ್ಕೂ ಹಬ್ಬುತ್ತದೆ.

ಸ್ಕ್ರೂ ಕಂಡರೆ ಒಂದನ್ನು ಬಿಚ್ಚಲು ಕೇಳಿ. ಚೂಪು ತುದಿಯ ಸ್ಕ್ರೂ ಬಳಕೆಗೆ ಬಂದಿದ್ದು 1840ರ ದಶಕದ ಕೊನೆಯಿಂದ ಈಚೆಗೆ. ಅದಕ್ಕೂ ಮೊದಲಿನದರ ತುದಿ ಮೊಂಡು. ಸ್ಕ್ರೂ ಬದಲಾಯಿಸಿದ್ದೂ ಇರಬಹುದು, ಅದೊಂದೇ ಸಾಕ್ಷಿಯಲ್ಲ. ನಮ್ಮ ಕಡೆಯ ಹಳೇ ಕೆಲಸದಲ್ಲಿ ಸ್ಕ್ರೂ ಕಡಿಮೆ. ಒಂದು ತುಂಡಿನ ತೂತಿಗೆ ಇನ್ನೊಂದರ ತುದಿ ಕೂರಿಸಿ, ಅಡ್ಡಲಾಗಿ ಮರದ ಇಲ್ಲವೇ ಬಿದಿರಿನ ಮೊಳೆ ಹೊಡೆದಿರುತ್ತಾರೆ. ಆ ಮೊಳೆಯ ತಲೆ ವರ್ಷಗಳು ಕಳೆದ ಹಾಗೆ ಸ್ವಲ್ಪ ಹೊರಗೆ ಬಂದಿರುತ್ತದೆ. ಮೊಳೆ ಕುಗ್ಗದಿದ್ದರೂ ಸುತ್ತಲಿನ ಮರ ಕುಗ್ಗಿರುತ್ತದೆ. ಬೆರಳಿಗೆ ತಾಗುವ ಆ ಉಬ್ಬು ನನಗೆ ತುಂಬ ಇಷ್ಟ.

ಬೆತ್ತ ನೋಡಿ. ಚೌಕಟ್ಟಿನ ಸುತ್ತ ಸಾಲಾಗಿ ತೂತುಗಳಿದ್ದು, ಒಂದೊಂದರಿಂದಲೂ ಎಳೆ ಬಂದಿದ್ದರೆ ಅದು ಕೈಯಲ್ಲಿ ಹೆಣೆಯುವ ಕುರ್ಚಿ. ತೂತಿನ ಬದಲು ಸುತ್ತ ಒಂದು ಕಾಲುವೆ ಇದ್ದು, ಅದರೊಳಗೆ ಹೆಣೆದ ಹಾಳೆಯನ್ನು ಒತ್ತಿ ಪಟ್ಟಿ ಕೂರಿಸಿದ್ದರೆ ಈಚಿನದು.

ಪಾಲಿಶ್ ಯಾವುದು? ಅಡಿಯ ಒಂದು ಮೂಲೆಯಲ್ಲಿ ಹತ್ತಿಯಿಂದ ಒಂದು ಹನಿ ಸ್ಪಿರಿಟ್ ಮುಟ್ಟಿಸಿ. ಅರಗಿನ ಪಾಲಿಶ್ ಆದರೆ ಅಂಟಂಟಾಗಿ ಮೆತ್ತಗಾಗುತ್ತದೆ. ಈಗಿನ ಪಿಯು (ಪಾಲಿಯುರೆಥೇನ್), ಮೆಲಮೈನ್ ಪಾಲಿಶ್ ಆದರೆ ಏನೂ ಆಗುವುದಿಲ್ಲ. ಮಾರುವವರನ್ನು ಕೇಳಿಯೇ ಮಾಡಿ.

ಜೋಡಿ ಅಂತ ಕೊಡುವಾಗ ಎರಡನ್ನೂ ಅಕ್ಕಪಕ್ಕ ಮಗುಚಿ. ಸಾಲಿನ ತೂತುಗಳ ಲೆಕ್ಕ, ಕಾಲಿನ ದಪ್ಪ, ಎಲೆಗಳ ಸಂಖ್ಯೆ ನೋಡಿ. ಇದನ್ನು ಮಾಡದೆ ನಾನೊಮ್ಮೆ ಪೆಟ್ಟು ತಿಂದಿದ್ದೇನೆ. ಮನೆಗೆ ತಂದ ಮೇಲೆ ನೋಡಿದರೆ ಒಂದರ ಬೆನ್ನು ಒಂದು ಕುರ್ಚಿಯದು, ಕಾಲು ಇನ್ನೊಂದರದ್ದು.

ಎರಡು ಕಾನೂನು

ಹಳೇ ಇನ್‌ಲೇ ಕುರ್ಚಿಯಲ್ಲಿ ಬಿಳಿ ಭಾಗ ದಂತವೇ ಆಗಿದ್ದರೆ ಮುಟ್ಟಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಂತ ಕೊಳ್ಳುವುದೂ ಮಾರುವುದೂ ಅಪರಾಧ, ಎಷ್ಟೇ ಹಳೆಯದಾಗಿರಲಿ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕಿಗಳು ಕಾಣುತ್ತವೆ. ದಂತದ ಅಡ್ಡ ಕೊಯ್ತದಲ್ಲಿ ಒಂದರ ಮೇಲೊಂದು ಹಾಯುವ ಬಾಗು ಗೆರೆಗಳಿರುತ್ತವೆ. ಅನುಮಾನ ಬಂದರೆ ಬಿಟ್ಟು ಬನ್ನಿ.

ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳ ವ್ಯಾಪಾರಕ್ಕೆ 1972ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಅವನ್ನು ದೇಶದಿಂದ ಹೊರಗೆ ಒಯ್ಯುವ ಹಾಗೂ ಇಲ್ಲ. ಅಮೆರಿಕದಲ್ಲಿರುವ ಮಗಳಿಗೆ ಕಳಿಸೋಣ ಅಂತ ಕೊಳ್ಳುವವರು ಇದನ್ನು ಮೊದಲೇ ತಿಳಿದಿರಲಿ.

ತಂದ ಮೇಲೆ

ಪಾಂಡವಪುರದಲ್ಲಿ ನಮ್ಮ ತಾತನ ಕುರ್ಚಿ ಒಂದಿತ್ತು. ಬೀಟೆ, ಕೈ ತುದಿಯಲ್ಲಿ ಸಿಂಹದ ಮುಖ. ಹೊಳೆಯಲಿ ಅಂತ ಪಾಲಿಶ್ ಅಂಗಡಿಯೊಂದಕ್ಕೆ ಕೊಟ್ಟೆವು. ಅವರು ಮೆಷಿನ್ ಹಿಡಿದು ಉಜ್ಜಿದರು. ಬಂದಾಗ ಕುರ್ಚಿ ಥಳಥಳ ಹೊಳೆಯುತ್ತಿತ್ತು, ಸಿಂಹಕ್ಕೆ ಮಾತ್ರ ಕಣ್ಣು ಮೂಗು ಇರಲಿಲ್ಲ. ತಾತನ ಕೈ ಸವರಿ ಸವರಿ ಬಂದ ಬಣ್ಣವೂ ಹೋಗಿತ್ತು. ಅಜ್ಜಿ ಅದನ್ನು ಒಂದು ಸಲ ಮುಟ್ಟಿ ನೋಡಿ ಒಳಗೆ ಹೋದರು. ಆ ನೋವು ಇನ್ನೂ ಇದೆ. ದಯವಿಟ್ಟು ಹಳೇ ಕೆತ್ತನೆಗೆ ಸ್ಯಾಂಡಿಂಗ್ ಮೆಷಿನ್ ಹಾಕಿಸಬೇಡಿ. ಕೊಳೆಯನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿ, ಅರಗಿನ ಪಾಲಿಶನ್ನು ತೆಳ್ಳಗೆ ಮೇಲೆ ಹತ್ತಿಸಿದರೆ ಸಾಕು.

ಮರದ ತುಂಡುಗಳು ಕೂಡುವ ಗಂಟು ಅಲ್ಲಾಡಿದರೂ ಕಬ್ಬಿಣದ ಮೊಳೆ ಹೊಡೆಯಲು ಬಿಡಬೇಡಿ. ಮೊಳೆ ಹಳೇ ಮರವನ್ನು ಸೀಳುತ್ತದೆ. ಗಂಟು ಬಿಡಿಸಿ, ಹಳೇ ಅಂಟು ಕೆರೆದು ಮತ್ತೆ ಕೂರಿಸಬೇಕು. ಚರ್ಮ, ಮೂಳೆ ಬೇಯಿಸಿ ಮಾಡುತ್ತಿದ್ದ ಹಿಂದಿನ ಅಂಟು ಬಿಸಿ ಮತ್ತು ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಹಳೇ ಕುರ್ಚಿ ಎಷ್ಟು ಸಲ ಬೇಕಾದರೂ ರಿಪೇರಿ ಆಗುತ್ತದೆ. ಬೆತ್ತ ಜೋತಿದ್ದರೆ ಕುರ್ಚಿ ಮಗುಚಿ, ಅಡಿಯಿಂದ ಬಿಸಿನೀರಿನ ಬಟ್ಟೆ ಒತ್ತಿ, ನೆರಳಲ್ಲಿ ಒಣಗಿಸಿ. ಹರಿಯದಿದ್ದರೆ ಮತ್ತೆ ಬಿಗಿಯಾಗುತ್ತದೆ.

ಕೊಳ್ಳುವ ಮೊದಲು ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಗೆ ಒಂದು ಮಧ್ಯಾಹ್ನ ಹೋಗಿ ಬನ್ನಿ. ಅರಮನೆ 1861ರಲ್ಲಿ ಕಟ್ಟಿದ್ದು. ಚಿತ್ರಗಳ ಜೊತೆ ಹಳೇ ಮರದ ಸಾಮಾನೂ ಇವೆ. ಅಲ್ಲಿ ಕಣ್ಣು ಪಳಗಿದರೆ ಅಂಗಡಿಯಲ್ಲಿ ಮೋಸ ಹೋಗುವುದು ಕಷ್ಟ. ನಾವು ಎರಡನೇ ಭಾನುವಾರ ಅಲ್ಲಿಗೆ ಹೋಗಿದ್ದೆವು. ಹೊರಗೆ ಬಂದ ಮೇಲೆ ಚಿಕ್ಕಮ್ಮ ಆ ಎಲೆ ಚುಚ್ಚುವ ಕುರ್ಚಿಯ ಮಾತು ಎತ್ತಲಿಲ್ಲ.

ಕೊನೆಗೆ ಬಂಗಲೆಯಿಂದ ತಂದಿದ್ದು ತೇಗದ ಜೋಡಿ. ಕೂರುವ ಎತ್ತರ 18 ಇಂಚು, ಕೈಗಳಿವೆ, ಮೇಲ್ಪಟ್ಟಿಯಲ್ಲಿ ಒಂದೊಂದು ತಾವರೆ. ಚಿಕ್ಕಪ್ಪ ಅಲ್ಲೇ ಕೂತು, ಕೈ ಊರಿ, ಯಾರ ಸಹಾಯವೂ ಇಲ್ಲದೆ ಎದ್ದರು. ಬಾಗಿಲ ಬಳಿಗೆ ಒಂದು ಹಲಗೆ ಕುರ್ಚಿಯನ್ನು ಶ್ರೀರಂಗಪಟ್ಟಣದ ಆಚಾರ್ರಿಗೆ ಹೇಳಿದ್ದೇವೆ. ಹಳೇ ತೊಲೆಯ ಮರ, ಬೆನ್ನಿಗೆ ಲಾಂಛನದ ಜಾಗದಲ್ಲಿ ಅಜ್ಜಿ ಬಾಗಿಲಿಗೆ ಹಾಕುತ್ತಿದ್ದ ರಂಗೋಲಿ. ಅದನ್ನು ಕೆತ್ತಲು ಅವರು ಮರವನ್ನು ದಪ್ಪಗೇ ಬಿಟ್ಟಿದ್ದಾರೆ.